ಕೂದಲಲ್ಲಿ ಚಿತ್ತಾರ, ಒಳ್ಳೆಯ ಕೆಲಸಕ್ಕೆ ದೇಣಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗಿಡ್ಡ ಕೂದಲಿನಲ್ಲಿ ಗೆರೆಗಳನ್ನು ಬೋಳಿಸಿ ಚಿತ್ತಾರ ಬಿಡಿಸಿಕೊಂಡು ದೇಣಿಗೆ ಸಂಗ್ರಹಿಸಲು ನಾನು ಮೂರು ಸಲ ತಲೆ ಕೊಟ್ಟಿದ್ದೇನೆ. ಅದಕ್ಕಿಂತ ಹೆಚ್ಚು ಸಲ ಬೇರೆಯವರು ಕುರ್ಚಿಯಲ್ಲಿ ಕುಳಿತಾಗ ಪಕ್ಕದಲ್ಲಿ ರಸೀದಿ ಪುಸ್ತಕ ಹಿಡಿದು ಕುಳಿತಿದ್ದೇನೆ. ಹೊಸದಾಗಿ ಹೊರಟವರು ಪ್ರತಿ ಸಲವೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ತಲೆ ಬೋಳಿಸಿಕೊಂಡು ದೇಣಿಗೆ ಸಂಗ್ರಹಿಸುವುದು ಗೊತ್ತು. ಚಿತ್ತಾರ ಯಾಕೆ?

ಬೋಳಿಸಿಕೊಂಡು ಹಣ ಸಂಗ್ರಹಿಸುವ ರೂಢಿಗೆ ಈಗ ಒಂದು ತಲೆಮಾರಿನ ವಯಸ್ಸಾಗಿದೆ. ರಕ್ತದ ಕ್ಯಾನ್ಸರ್ ರೋಗಿಗಳಿಗೆ ನೆರವಾಗುವ ಆಸ್ಟ್ರೇಲಿಯಾದ ಲ್ಯುಕೇಮಿಯಾ ಫೌಂಡೇಶನ್ 1998ರಲ್ಲಿ ಆರಂಭಿಸಿದ ‘ವರ್ಲ್ಡ್ಸ್ ಗ್ರೇಟೆಸ್ಟ್ ಶೇವ್’ನಲ್ಲಿ ಬೋಳಿಸಿಕೊಳ್ಳುವವರ ಜೊತೆಗೆ ಕೂದಲಿಗೆ ಬಣ್ಣ ಹಚ್ಚಿಕೊಳ್ಳುವವರಿಗೂ ಜಾಗವಿದೆ. 2000ದ ಮಾರ್ಚ್ 17ರಂದು ನ್ಯೂಯಾರ್ಕಿನಲ್ಲಿ ಮರುವಿಮೆ ಉದ್ಯಮದ ಕೆಲವು ಗೆಳೆಯರು 17 ತಲೆ ಬೋಳಿಸಿ 17,000 ಡಾಲರ್ ಕೂಡಿಸುವ ಗುರಿ ಇಟ್ಟುಕೊಂಡರು. ಕೊನೆಗೆ ಬೋಳಾದದ್ದು 19 ತಲೆ, ಕೂಡಿದ್ದು ಒಂದು ಲಕ್ಷ ಡಾಲರಿಗೂ ಹೆಚ್ಚು. ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ನೆರವಾಗುವ ಸೇಂಟ್ ಬಾಲ್ಡ್ರಿಕ್ಸ್ ಫೌಂಡೇಶನ್ ಬೆಳೆದದ್ದು ಅಲ್ಲಿಂದ.

ಬೋಳು ತಲೆ ಕಂಡವರು ತಮಗೆ ತೋಚಿದ ಕಾರಣ ಊಹಿಸಿಕೊಂಡು ಸುಮ್ಮನಾಗುತ್ತಾರೆ. ಕಿವಿಯ ಮೇಲೆ ಒಂದು ಎಲೆಯೋ ಅಲೆಯೋ ಕಂಡರೆ ಊಹೆ ಸಾಲುವುದಿಲ್ಲ, ಕೇಳಲೇಬೇಕು. ನೀವಾಗಿ ಹಣ ಕೇಳಲು ಹೋದಾಗ ಎದುರಿನವರು ಇಲ್ಲವೆನ್ನಲು ಸಿದ್ಧರಾಗಿರುತ್ತಾರೆ, ಅವರೇ ‘ಇದೇನಿದು?’ ಎಂದು ಕೇಳಿಕೊಂಡು ಬಂದಾಗ ಉತ್ತರಕ್ಕೆ ಕಾಯುತ್ತಿರುತ್ತಾರೆ. ಹಾಗಾಗಿ ವಿನ್ಯಾಸ, ದಿನಾಂಕ, ಲೆಕ್ಕ ಎಲ್ಲವನ್ನೂ ನಾನು ಒಂದೇ ಅಳತೆಗೋಲಿನಿಂದ ನೋಡುತ್ತೇನೆ: ಆ ಪ್ರಶ್ನೆಗೆ ಅರ್ಧ ನಿಮಿಷದಲ್ಲಿ ನೇರವಾದ ಉತ್ತರ ಕೊಡಲು ಇದರಿಂದ ನೆರವಾಗುತ್ತದೆಯೇ?

ಎಂಥ ವಿನ್ಯಾಸ ಆರಿಸಿಕೊಳ್ಳಬೇಕು?

ನಾಲ್ಕು ಹೆಜ್ಜೆ ದೂರದಿಂದ ಗುರುತು ಸಿಗುವಂಥದ್ದು. ಕಾಗದದ ಮೇಲೆ ಚೆಂದ ಕಾಣುವ ಕುಸುರಿ ತಲೆಯ ಮೇಲೆ ನಿಲ್ಲುವುದಿಲ್ಲ. ತಲೆ ಗುಂಡಗಿದೆ, ಕೂದಲು ದಿನವೂ ಬೆಳೆಯುತ್ತದೆ, ಹತ್ತಿರ ಹತ್ತಿರ ಇರುವ ಗೆರೆಗಳು ಮೂರು ದಿನಕ್ಕೆ ಒಂದರೊಳಗೊಂದು ಕಲಸಿಹೋಗುತ್ತವೆ. ಕಡಿಮೆ ಗೆರೆ, ಅಗಲವಾದ ಗೆರೆ, ನಡುವೆ ಧಾರಾಳವಾಗಿ ಜಾಗ.

ವಿನ್ಯಾಸಕ್ಕೂ ಉದ್ದೇಶಕ್ಕೂ ನಂಟಿರಲಿ. ರಕ್ತದಾನಕ್ಕಾದರೆ ಒಂದು ಹನಿ, ಗ್ರಂಥಾಲಯಕ್ಕಾದರೆ ತೆರೆದ ಪುಸ್ತಕ, ಗಿಡ ನೆಡುವ ಕೆಲಸಕ್ಕಾದರೆ ಎಲೆ. ನಾನು ಕಂಡವುಗಳಲ್ಲಿ ಅತ್ಯಂತ ಸೊಗಸಾದದ್ದು ಹೃದ್ರೋಗಿಗಳಿಗಾಗಿ ಹಣ ಸಂಗ್ರಹಿಸಿದವರೊಬ್ಬರ ತಲೆ. ಇಸಿಜಿಯ ಏರಿಳಿತದ ಒಂದೇ ಒಂದು ಗೆರೆ ಒಂದು ಕಿವಿಯಿಂದ ಹೊರಟು ಹಿಂದಲೆಯನ್ನು ಬಳಸಿಕೊಂಡು ಇನ್ನೊಂದು ಕಿವಿಯವರೆಗೆ ಹೋಗಿತ್ತು. ಯಾವ ಕಡೆಯಿಂದ ನೋಡಿದರೂ ಗೆರೆಯ ಒಂದು ತುಂಡು ಕಾಣುತ್ತಿತ್ತು, ಉಳಿದದ್ದನ್ನು ನೋಡಲು ಜನ ಅವರನ್ನು ಸುತ್ತಿ ಬರುತ್ತಿದ್ದರು.

ಇನ್ನೊಂದು ಬಗೆ ನನಗೆ ತುಂಬ ಇಷ್ಟ: ದಾನಿಗಳೇ ಬೆಳೆಸುವ ಚಿತ್ತಾರ. ಮೊದಲು ಬರಿಯ ಕಾಂಡ ಮತ್ತು ಕೊಂಬೆ. ಇಂತಿಷ್ಟು ದೇಣಿಗೆ ಬಂದಾಗಲೆಲ್ಲ ಒಂದು ಎಲೆ ಸೇರಿಸುತ್ತ ಹೋಗಬೇಕು. ಎಲೆಗಳಿಗೆ ಜಾಗ ಮೊದಲೇ ಬಿಟ್ಟಿರಬೇಕು, ಎಲ್ಲವೂ ಒಂದು ವಾರದೊಳಗೆ ಮುಗಿಯಬೇಕು. ತಡವಾದರೆ ಹಳೆಯ ಗೆರೆ ಮಾಸಿ ಹೊಸ ಗೆರೆ ಮಾತ್ರ ಎದ್ದು ಕಾಣುತ್ತದೆ.

ಜಾಗದ ಮಾತು. ಕಿವಿಯ ಮೇಲಿನ ಪಕ್ಕಭಾಗ ಹೆಚ್ಚುಕಡಿಮೆ ಸಪಾಟಾಗಿದೆ, ಚಿತ್ರ ಸೊಟ್ಟಗಾಗುವುದಿಲ್ಲ. ಹಿಂದಲೆಯೂ ಒಳ್ಳೆಯದೇ, ಆದರೆ ಅಲ್ಲಿನ ಎಲುಬಿನ ಉಬ್ಬನ್ನು ನೋಡಿಕೊಂಡು ಗೆರೆ ಹಾಕಬೇಕು. ಸುಳಿಯ ಜಾಗ ಬಿಟ್ಟುಬಿಡಿ. ಅಲ್ಲಿ ಕೂದಲು ಸುತ್ತಲೂ ತಿರುಗಿಕೊಂಡು ಬೆಳೆಯುವುದರಿಂದ ಎಂಥ ನುರಿತ ಕೈಗೂ ಅಂಚು ನೇರ ಬರುವುದು ಕಷ್ಟ.

ಅಕ್ಷರಗಳು ಬೇಡ ಎನ್ನುವುದು ನನ್ನ ಅಭಿಪ್ರಾಯ. ನನ್ನ ಎರಡನೆಯ ಸಲ ಮೂರು ಅಕ್ಷರ ಬರೆಸಿಕೊಳ್ಳಲು ಹೋಗಿ, ಮಾದರಿಯನ್ನು ಕನ್ನಡಿ ನೋಡಿಕೊಂಡು ಗುರುತು ಮಾಡಿದ್ದರಿಂದ ಎಲ್ಲವೂ ತಿರುಗುಮುರುಗಾಗಿ ಬಂದವು. ಪೆನ್ಸಿಲ್ ಗೆರೆಯಲ್ಲಿದ್ದಾಗಲೇ ಯಾರೋ ಗಮನಿಸಿದ್ದರಿಂದ ಉಳಿದುಕೊಂಡೆ. ಬರೆಸಲೇಬೇಕೆಂದಿದ್ದರೆ ಬೋಳಿಸುವ ಮುನ್ನ ಹಿಂದಿನಿಂದ ಒಂದು ಫೋಟೊ ತೆಗೆಸಿ ಓದಿ ನೋಡಿ. ಸಂಸ್ಥೆಯ ಲಾಂಛನ ಬೇಕಿದ್ದರೆ ಅವರ ಒಪ್ಪಿಗೆ ಕೇಳಿ.

ಕೂದಲು ಎಷ್ಟು ಉದ್ದವಿರಬೇಕು?

ಗೆರೆ ಎದ್ದು ಕಾಣುವುದು ಸುತ್ತಲಿನ ಕೂದಲಿನ ದಟ್ಟಣೆಯಿಂದ. ಕೂದಲು ಕತ್ತರಿಸುವ ಯಂತ್ರವಾದ ಕ್ಲಿಪ್ಪರಿಗೆ ಸಿಕ್ಕಿಸುವ ಬಾಚಣಿಗೆಯಂಥ ಗಾರ್ಡ್‌ಗಳಲ್ಲಿ 1ನೇ ನಂಬರಿನದು ಸುಮಾರು 3 ಮಿಲಿಮೀಟರ್ ಕೂದಲು ಉಳಿಸುತ್ತದೆ, 2ನೇ ನಂಬರ್ ಸುಮಾರು 6, 3ನೇ ನಂಬರ್ ಸುಮಾರು 10. ಹೆಚ್ಚಿನವರಿಗೆ 2ನೇ ನಂಬರ್ ಹೊಂದುತ್ತದೆ. ತುಂಬ ಉದ್ದ ಬಿಟ್ಟರೆ ಕೂದಲು ಗೆರೆಯ ಮೇಲೆ ಬಾಗಿ ಅದನ್ನು ಮುಚ್ಚುತ್ತದೆ.

ಉದ್ದ ಕೂದಲಿನವರು ಇಡೀ ತಲೆ ಕತ್ತರಿಸಿಕೊಳ್ಳಬೇಕಾಗಿಲ್ಲ. ಕುತ್ತಿಗೆಯ ಮೇಲಿನ ಕೂದಲಿನ ಕೆಳಪದರವನ್ನಷ್ಟೇ ಚಿಕ್ಕದಾಗಿಸಿ ಅಲ್ಲಿ ಚಿತ್ತಾರ ಬಿಡಿಸಬಹುದು. ಕೂದಲು ಇಳಿಬಿಟ್ಟರೆ ಮುಚ್ಚಿಹೋಗುತ್ತದೆ, ಮೇಲೆ ಕಟ್ಟಿದರೆ ಕಾಣುತ್ತದೆ. ಹಿಂಜರಿಯುವವರಿಗೆ ಇದು ಒಳ್ಳೆಯ ದಾರಿ. ನರೆತ ಅಥವಾ ತೆಳು ಬಣ್ಣದ ಕೂದಲಾದರೆ ಚರ್ಮಕ್ಕೂ ಕೂದಲಿಗೂ ವ್ಯತ್ಯಾಸ ಕಾಣುವುದಿಲ್ಲ. ಸುತ್ತಲಿನ ಕೂದಲಿಗೆ ತೊಳೆದರೆ ಹೋಗುವ ಬಣ್ಣ ಹಚ್ಚಬಹುದು.

ಮನೆಯಲ್ಲೇ ಮಾಡಿಕೊಳ್ಳಬಹುದೇ?

ಎರಡು ನೇರ ಗೆರೆಯಷ್ಟಾದರೆ ಇನ್ನೊಬ್ಬರ ಕೈಯಲ್ಲಿ ಮಾಡಿಸಿಕೊಳ್ಳಬಹುದು. ಚಿತ್ರವೆಂದರೆ ಅನುಭವಿ ಕ್ಷೌರಿಕರ ಬಳಿ ಹೋಗಿ. ಹಿಂದೆ ಮಾಡಿದ ಕೆಲಸದ ಫೋಟೊಗಳನ್ನು ತೋರಿಸಲು ಕೇಳುವುದರಲ್ಲಿ ಸಂಕೋಚ ಬೇಡ. ಕೆಲಸ ಬಲ್ಲವರು ಆತುರಪಡುವುದಿಲ್ಲ: ತಲೆ ತೊಳೆದು ಒಣಗಿಸಿ, ಕೂದಲನ್ನು ಎಲ್ಲ ಕಡೆ ಒಂದೇ ಉದ್ದಕ್ಕೆ ತಂದು, ತಿಳಿಬಣ್ಣದ ಹುಬ್ಬಿನ ಪೆನ್ಸಿಲ್ಲಿನಿಂದ ಗುರುತು ಹಾಕಿ, ನಡುವಿನಿಂದ ಹೊರಗೆ ಕೆಲಸ ಮಾಡುತ್ತ ಬರುತ್ತಾರೆ. ಮೊದಲು ಟ್ರಿಮ್ಮರಿನ ಮೂಲೆಯಿಂದ ಗೆರೆ ತೆರೆದು, ಆಮೇಲೆ ಅಂಚು ತಿದ್ದುತ್ತಾರೆ. ತೆಗೆದ ಕೂದಲನ್ನು ಮತ್ತೆ ಅಂಟಿಸಲಾಗುವುದಿಲ್ಲ. ಹಾಗಾಗಿ ತಪ್ಪಿದರೆ ಗೆರೆಯನ್ನು ಅಗಲ ಮಾಡುವುದು, ಇಲ್ಲವೇ ಸುತ್ತಲಿನ ಕೂದಲನ್ನು ಇನ್ನಷ್ಟು ಗಿಡ್ಡ ಮಾಡುವುದು, ಇವೆರಡೇ ದಾರಿ.

ಕ್ಷೌರಿಕರ ಸಮಯವೂ ದುಡಿಮೆಯೇ. ಒಳ್ಳೆಯ ಕೆಲಸವಲ್ಲವೇ, ಉಚಿತವಾಗಿ ಮಾಡಿಕೊಡಿ ಎಂದು ಒತ್ತಾಯಿಸಬೇಡಿ. ಅವರಾಗಿಯೇ ಕೂಲಿ ಬೇಡವೆಂದರೆ ಆ ಮೊತ್ತವನ್ನು ಅವರ ಹೆಸರಿನಲ್ಲಿ ದೇಣಿಗೆಯಾಗಿ ಬರೆಯಿರಿ. ನಾನು ಹೀಗೆ ಬರೆದ ರಸೀದಿಯೊಂದು ಇವತ್ತಿಗೂ ಅವರ ಕನ್ನಡಿಯ ಅಂಚಿನಲ್ಲಿದೆ.

ಚರ್ಮಕ್ಕೆ ಅಪಾಯವಿದೆಯೇ?

ನೋವೇನೂ ಇಲ್ಲ. ಕಾಳಜಿ ವಹಿಸಬೇಕಾದದ್ದು ಸ್ವಚ್ಛತೆಯ ಬಗ್ಗೆ, ಅದರಲ್ಲೂ ಒಂದೇ ದಿನ ಹತ್ತಾರು ಜನ ಸಾಲಾಗಿ ಕುಳಿತುಕೊಳ್ಳುವ ಕಾರ್ಯಕ್ರಮಗಳಲ್ಲಿ. ತಲೆಯ ಹುಳುಕಡ್ಡಿ ಎಂಬ ಶಿಲೀಂಧ್ರದ ಸೋಂಕು ತೊಳೆಯದ ಕ್ಲಿಪ್ಪರಿನಿಂದ ಒಬ್ಬರಿಂದ ಒಬ್ಬರಿಗೆ ಹರಡಬಲ್ಲದು. ಒಬ್ಬರಿಗೆ ಬಳಸಿದ ಬ್ಲೇಡನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಹರಡುವ ಸಾಧ್ಯತೆಯಿದೆ. ಬ್ಲೇಡು ಪ್ರತಿಯೊಬ್ಬರಿಗೂ ಹೊಸದು. ಕ್ಲಿಪ್ಪರಿನ ಹಲ್ಲುಗಳನ್ನು ಪ್ರತಿ ತಲೆಯ ನಂತರ ಕೂದಲು ಕೊಡವಿ, ಸೋಂಕುನಿವಾರಕ ಹಾಕಿ, ಅದರ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಬೇಕು. ಸಾಲು ಉದ್ದವಿದೆ ಎಂದು ಇದನ್ನು ಬಿಟ್ಟರೆ ಆ ಕಾರ್ಯಕ್ರಮವನ್ನೇ ನಿಲ್ಲಿಸುವುದು ಮೇಲು.

ತಲೆಯಲ್ಲಿ ಗಾಯ, ಕೀವುಗುಳ್ಳೆ ಇದ್ದರೆ ಮುಂದೂಡಿ. ಸಣ್ಣ ಗಾಯವೂ ಗಂಟಾಗಿ ಉಬ್ಬುವ ಮೈಗುಣವಿದ್ದವರು, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು ಬ್ಲೇಡಿನ ಹತ್ತಿರ ಹೋಗದೆ ಟ್ರಿಮ್ಮರಿನಲ್ಲೇ ಮುಗಿಸಿಕೊಳ್ಳಲಿ. ಕೂದಲಿಗೆ ಗಾಢ ಬಣ್ಣ ಹಚ್ಚುವುದಿದ್ದರೆ 48 ಗಂಟೆ ಮುಂಚೆ ಚರ್ಮದ ಮೇಲೆ ಒಂದು ಚುಕ್ಕೆ ಹಚ್ಚಿ ನೋಡಿ, ಮತ್ತು ಆಗಷ್ಟೇ ಬೋಳಿಸಿದ ಚರ್ಮಕ್ಕೆ ಅದನ್ನು ತಾಗಿಸಬೇಡಿ. ಹೆಚ್ಚಿನವರು ಮರೆಯುವುದು ಬಿಸಿಲನ್ನು. ಇದುವರೆಗೆ ಕೂದಲ ನೆರಳಿನಲ್ಲಿದ್ದ ಚರ್ಮ ಬೇಗ ಸುಡುತ್ತದೆ, ಚಿತ್ತಾರದ ಆಕಾರದಲ್ಲೇ ಸುಡುತ್ತದೆ. ಸನ್‌ಸ್ಕ್ರೀನ್ ಹಚ್ಚಿ.

ಬೋಳಿಸಿದ ಜಾಗದಲ್ಲಿ ಕೂದಲು ದಪ್ಪವಾಗಿ ಬೆಳೆಯುತ್ತದೆಯಂತೆ?

ಇಲ್ಲ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಷ್ಟು ಹಿಂದೆಯೇ ಅಳೆದು ತೋರಿಸಿದ್ದಾರೆ. ಹೊಸ ಕೂದಲಿನ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ತಾಗುತ್ತದೆ, ಅಷ್ಟೇ.

ಚಿತ್ತಾರ ಎಷ್ಟು ದಿನ ಇರುತ್ತದೆ?

ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಅಂದರೆ ದಿನಕ್ಕೆ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗ. ಮೊದಲ ನಾಲ್ಕೈದು ದಿನ ಅಂಚು ಚೂಪಾಗಿರುತ್ತದೆ, ಒಂದು ವಾರಕ್ಕೆ ಮಸುಕಾಗುತ್ತದೆ, ಎರಡು ಮೂರು ವಾರದಲ್ಲಿ ನೆನಪು ಮಾತ್ರ. ಅದಕ್ಕೇ ಹಣ ಕೇಳುವ ಕೆಲಸ ಚಿತ್ತಾರ ಬಿಡಿಸುವ ಮೊದಲೇ ಶುರುವಾಗಬೇಕು ಎನ್ನುತ್ತೇನೆ. ಮೂರು ವಾರ ಮುಂಚೆ ತಿಳಿಸಿ, ಒಂದು ವಾರ ಮುಂಚೆ ನೆನಪಿಸಿ. ಚಿತ್ತಾರ ಬಿಡಿಸಿದ ಬಳಿಕದ ಐದು ದಿನ ಹೆಚ್ಚು ಜನ ಸೇರುವ ಕಡೆ ಓಡಾಡಿ. ಆಗ ಮನೆಯಲ್ಲಿ ಕುಳಿತ ಪ್ರತಿ ದಿನವೂ ನಷ್ಟವೇ.

ಹಣ ಕೇಳಲು ಮುಜುಗರವಾಗುತ್ತದೆ. ಹೇಗೆ ಕೇಳಲಿ?

ಮುಜುಗರ ಸಹಜ. ನಿಮಗಾಗಿ ಕೇಳುತ್ತಿಲ್ಲ ಎಂಬುದನ್ನು ನಿಮಗೆ ನೀವೇ ಮೊದಲು ಹೇಳಿಕೊಳ್ಳಿ. ಆಮೇಲೆ ಒಂದು ವಾಕ್ಯ ಸಿದ್ಧಪಡಿಸಿ: ಯಾರಿಗೆ, ಯಾವುದಕ್ಕೆ, ಎಷ್ಟು, ಯಾವ ದಿನದೊಳಗೆ. ‘ಬಡವರಿಗೆ ಸಹಾಯ’ ಎಂದರೆ ಯಾರ ಮನಸ್ಸಿನಲ್ಲೂ ಚಿತ್ರ ಮೂಡುವುದಿಲ್ಲ. ‘ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ರಾತ್ರಿ ಉಳಿಯುವ ತಾಯಂದಿರಿಗೆ ಹತ್ತು ಮಂಚ’ ಎಂದರೆ ಮೂಡುತ್ತದೆ.

ಮೊದಲು ಅತಿ ಹತ್ತಿರದವರನ್ನು ಕೇಳಿ. ದೇಣಿಗೆ ಪಟ್ಟಿಯ ಮೊದಲ ಮೂರು ಹೆಸರುಗಳ ಎದುರಿನ ಮೊತ್ತವನ್ನು ನೋಡಿಯೇ ಮುಂದಿನವರು ತಮ್ಮದನ್ನು ನಿರ್ಧರಿಸುವುದನ್ನು ನಾನು ಪ್ರತಿ ಸಲವೂ ಕಂಡಿದ್ದೇನೆ. ಖಾಲಿ ಪಟ್ಟಿಯನ್ನು ಅಪರಿಚಿತರ ಮುಂದೆ ಇಡಬೇಡಿ. ನಿಮ್ಮದೇ ದೇಣಿಗೆ ಮೊದಲ ಸಾಲಿನಲ್ಲಿರಲಿ.

ಮೆಟ್ಟಿಲುಗಳನ್ನು ಮಾಡಿ. ಇಷ್ಟು ಬಂದರೆ ಪಕ್ಕದಲ್ಲಿ ಗೆರೆ, ಇಷ್ಟಾದರೆ ಪೂರ್ತಿ ಚಿತ್ತಾರ, ಗುರಿ ದಾಟಿದರೆ ಒಂದು ವಾರದ ಬಳಿಕ ತಲೆ ಪೂರ್ತಿ ಬೋಳು. ಮೂರು ವಿನ್ಯಾಸ ಮುಂದಿಟ್ಟು ದೇಣಿಗೆಯೇ ಮತವೆನ್ನಬಹುದು. ಗೆದ್ದದ್ದನ್ನು ಬಿಡಿಸಿಕೊಳ್ಳುವ ಧೈರ್ಯ ನಿಮಗಿರಬೇಕು, ಆದ್ದರಿಂದ ಮೂರನ್ನೂ ನೀವೇ ಆರಿಸಿ. ಮೊದಲ ಗೆರೆ ಎಳೆಯುವ ಅವಕಾಶವನ್ನು ಹರಾಜು ಹಾಕುವುದಾದರೆ ಆ ಗೆರೆ ಚಿತ್ತಾರದ ಹೊರಗಿನ, ಹೇಗಿದ್ದರೂ ಬೋಳಾಗುವ ಜಾಗದಲ್ಲಿರಲಿ.

ಇಲ್ಲವೆಂದವರನ್ನು ಮತ್ತೆ ಕೇಳಬೇಡಿ. ಕಚೇರಿಯಲ್ಲಿ ನಿಮ್ಮ ಕೈಕೆಳಗಿನವರನ್ನು ನೇರವಾಗಿ ಕೇಳಲೇಬೇಡಿ. ಅವರಿಗೆ ಇಲ್ಲವೆನ್ನುವ ಸ್ವಾತಂತ್ರ್ಯ ಇರುವುದಿಲ್ಲ.

ಹಣ ಯಾರ ಖಾತೆಗೆ ಬರಬೇಕು?

ಸಾಧ್ಯವಾದಷ್ಟೂ ನೇರವಾಗಿ ಸಂಸ್ಥೆಯ ಖಾತೆಗೆ. ನನ್ನ ಮೊದಲ ಸಲ ದೇಣಿಗೆಯೆಲ್ಲ ನನ್ನ ಸ್ವಂತ ಖಾತೆಗೆ ಬಂದು, ಮನೆಖರ್ಚಿನೊಂದಿಗೆ ಬೆರೆತುಹೋಯಿತು. ಒಂದು ಪೈಸೆಯೂ ಆಚೀಚೆ ಆಗಿರಲಿಲ್ಲ, ಆದರೆ ಅದನ್ನು ತೋರಿಸಲು ಎರಡು ರಾತ್ರಿ ಕುಳಿತು ಸಾಲುಸಾಲಾಗಿ ಬಿಡಿಸಿ ಬರೆಯಬೇಕಾಯಿತು. ನಂಬಿ ಕೊಟ್ಟವರ ಮುಂದೆ ಲೆಕ್ಕ ಹುಡುಕುತ್ತ ನಿಂತ ಆ ಸಂಕಟ ಇನ್ನೊಬ್ಬರಿಗೆ ಬರಬಾರದು ಎಂದೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸಂಸ್ಥೆಗೆ ಮೊದಲೇ ತಿಳಿಸಿ, ಅವರ ಹೆಸರಿನಲ್ಲಿ ಸಂಗ್ರಹಿಸಲು ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಅವರು ನೋಂದಾಯಿತರೇ, ವಾರ್ಷಿಕ ಲೆಕ್ಕಪತ್ರ ಪ್ರಕಟಿಸುತ್ತಾರೆಯೇ ನೋಡಿ. ತೆರಿಗೆ ವಿನಾಯಿತಿ ಸಿಗುತ್ತದೆ ಎಂದು ನೀವಾಗಿ ಭರವಸೆ ಕೊಡಬೇಡಿ, ಅದನ್ನು ಹೇಳಬೇಕಾದವರು ಸಂಸ್ಥೆಯವರು. ನಗದು ಬಂದರೆ ಮುದ್ರೆ ಹಾಕಿದ ಡಬ್ಬಿ, ಇಬ್ಬರ ಎದುರು ಎಣಿಕೆ, ಇಬ್ಬರ ಸಹಿ. ಕ್ಷೌರ, ಬಣ್ಣ, ಬ್ಯಾನರಿನ ಖರ್ಚು ನಿಮ್ಮ ಜೇಬಿನಿಂದ ಹೋಗಲಿ. ಹಾಗಾಗದಿದ್ದರೆ ದೇಣಿಗೆಯಿಂದ ಎಷ್ಟು ಕಳೆಯುತ್ತೀರಿ ಎಂದು ಮೊದಲೇ ಹೇಳಿ.

ಗುರಿ ಮುಟ್ಟದಿದ್ದರೆ?

ಬಂದಷ್ಟನ್ನು ತಲುಪಿಸಿ, ಆ ಮೆಟ್ಟಿಲಿಗೆ ಹೇಳಿದ್ದನ್ನು ಮಾಡಿ. ಕೊಟ್ಟವರು ಕೊಟ್ಟಾಗಿದೆ, ಹಿಂಜರಿಯುವ ಹಕ್ಕು ನಮಗಿಲ್ಲ.

ಕತ್ತರಿಸಿದ ಕೂದಲನ್ನೂ ದಾನ ಮಾಡಬಹುದೇ?

ನೆಲಕ್ಕೆ ಬಿದ್ದ ಚೂರುಗಳು ವಿಗ್ಗಿಗೆ ಬರುವುದಿಲ್ಲ. ಉದ್ದ ಕೂದಲಿದ್ದರೆ ಮೊದಲು ಅದನ್ನು ಒಣಗಿದ ಸ್ಥಿತಿಯಲ್ಲಿ ಬಿಗಿಯಾಗಿ ಕಟ್ಟಿ, ಕಟ್ಟಿನ ಮೇಲ್ಭಾಗದಲ್ಲಿ ಕತ್ತರಿಸಿ, ಆಮೇಲೆ ಚಿತ್ತಾರಕ್ಕೆ ಕುಳಿತುಕೊಳ್ಳಿ. ಎಷ್ಟು ಉದ್ದ ಬೇಕು, ಬಣ್ಣ ಹಾಕಿದ ಕೂದಲು ನಡೆಯುತ್ತದೆಯೇ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಕತ್ತರಿ ಹಾಕುವ ಮುನ್ನ ಕೇಳಿ. ಒಂದು ವಿಗ್ಗಿಗೆ ಹಲವರ ಕೂದಲು ಬೇಕಾಗುತ್ತದೆ, ಅದನ್ನು ನೇಯಲು ಹಣವೂ ಬೇಕು. ಕೂದಲು ಕೊಟ್ಟವರು ದೇಣಿಗೆಯನ್ನೂ ಸಂಗ್ರಹಿಸಿ ಕೊಟ್ಟರೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಗೆಳತಿಗೆ ಬೆಂಬಲವಾಗಿ ಮಾಡಬೇಕೆಂದಿದ್ದೇನೆ. ಅವಳಿಗೆ ಹೇಳದೆ ಮಾಡಿ ಅಚ್ಚರಿಪಡಿಸಲೇ?

ದಯವಿಟ್ಟು ಬೇಡ. ಮೊದಲು ಅವಳನ್ನು ಕೇಳಿ.

ಕಿಮೊಥೆರಪಿಯ ಎಲ್ಲ ಔಷಧಗಳಿಂದಲೂ ಕೂದಲು ಉದುರುವುದಿಲ್ಲ. ಉದುರುವುದಾದರೆ ಸಾಮಾನ್ಯವಾಗಿ ಚಿಕಿತ್ಸೆ ಆರಂಭವಾದ ಎರಡರಿಂದ ನಾಲ್ಕು ವಾರಗಳಲ್ಲಿ ಶುರುವಾಗುತ್ತದೆ. ದಿಂಬಿನ ಮೇಲೆ, ಬಾಚಣಿಗೆಯಲ್ಲಿ, ಸ್ನಾನದ ನೀರಿನಲ್ಲಿ ಹಿಡಿಹಿಡಿಯಾಗಿ ಬರುವ ಕೂದಲನ್ನು ನೋಡುತ್ತಿರುವವರಿಗೆ ಅದು ಆಯ್ಕೆಯಲ್ಲ. ನಿಮ್ಮದು ಆಯ್ಕೆ. ಈ ವ್ಯತ್ಯಾಸವನ್ನು ಮರೆತು ಮಾಡಿದ ಒಳ್ಳೆಯ ಕೆಲಸ ನೋಯಿಸುತ್ತದೆ. ನಾನು ಬಲ್ಲ ಒಬ್ಬರು, ಗೆಳೆಯರೆಲ್ಲ ತನಗಾಗಿ ಕೂದಲು ತೆಗೆಸಿಕೊಂಡು ಬಂದ ದಿನ ನಕ್ಕರು, ಅವರು ಹೋದ ಮೇಲೆ ಅತ್ತರು; ಎಲ್ಲರ ತಲೆಯಲ್ಲೂ ತನ್ನ ಕಾಯಿಲೆಯೇ ಕಾಣುತ್ತಿತ್ತು ಎಂದು ಬಹಳ ದಿನಗಳ ನಂತರ ಹೇಳಿದರು. ಇನ್ನೊಬ್ಬರು ತಾವೇ ವಿನ್ಯಾಸ ಬರೆದುಕೊಟ್ಟು, ಕುರ್ಚಿಯ ಪಕ್ಕ ಕುಳಿತು ಪ್ರತಿ ಗೆರೆಗೂ ಅಪ್ಪಣೆ ಕೊಟ್ಟರು. ಆ ಮಧ್ಯಾಹ್ನದಷ್ಟು ಸಂತೋಷವಾಗಿ ಅವರನ್ನು ಆ ವರ್ಷ ನಾನು ಕಂಡಿರಲಿಲ್ಲ. ಇಬ್ಬರಲ್ಲಿ ನಿಮ್ಮ ಗೆಳತಿ ಯಾರೆಂದು ಅವಳೇ ಹೇಳಬೇಕು.

ಅವಳ ಹೆಸರು, ಫೋಟೊ, ಕಾಯಿಲೆಯ ವಿವರ ಬಳಸುವುದಕ್ಕೂ ಒಪ್ಪಿಗೆ ಬೇಕು, ಅದನ್ನು ಯಾವಾಗ ಬೇಕಾದರೂ ಹಿಂಪಡೆಯುವ ಹಕ್ಕು ಅವಳಿಗಿರಬೇಕು. ಚಿಕಿತ್ಸೆಯಲ್ಲಿರುವವರೇ ಚಿತ್ತಾರ ಬಿಡಿಸಿಕೊಳ್ಳಬೇಕೆಂದರೆ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ: ಸೋಂಕು ತಡೆಯುವ ಶಕ್ತಿ ಮತ್ತು ಪ್ಲೇಟ್‌ಲೆಟ್ ಕಡಿಮೆ ಇರುವಾಗ ಸಣ್ಣ ಗೀರೂ ದೊಡ್ಡದಾಗಬಹುದು. ಬ್ಲೇಡ್ ಅಂತೂ ಬೇಡವೇ ಬೇಡ.

ಮಕ್ಕಳು ಪಾಲ್ಗೊಳ್ಳಬಹುದೇ?

ಮಗುವಿಗೇ ಮನಸ್ಸಿದ್ದರೆ, ಹೆತ್ತವರು ಒಪ್ಪಿದರೆ, ಶಾಲೆಯ ನಿಯಮಕ್ಕೆ ಅಡ್ಡಿಯಾಗದಿದ್ದರೆ. ಶಾಲೆಗೆ ಮುಂಚೆಯೇ ಪತ್ರ ಬರೆಯಿರಿ. ರಜೆಯ ಆರಂಭದಲ್ಲಿ ಮಾಡಿಸಿದರೆ ಶಾಲೆ ತೆರೆಯುವ ಹೊತ್ತಿಗೆ ಕೂದಲು ಬಂದಿರುತ್ತದೆ. ಹಿಂಜರಿಯಬಾರದೆಂದು ದೊಡ್ಡವರಿಗೆ ಹೇಳಿದ ನಿಯಮ ಮಕ್ಕಳಿಗೆ ಅನ್ವಯಿಸುವುದಿಲ್ಲ: ಅವರು ಕುರ್ಚಿಯಲ್ಲಿ ಕುಳಿತ ಮೇಲೂ ಬೇಡವೆನ್ನಬಹುದು. ಆಗ ಯಾರೂ ಪುಸಲಾಯಿಸಬಾರದು, ದೇಣಿಗೆಯ ಮಾತೆತ್ತಬಾರದು. ಇದನ್ನು ದಾನಿಗಳಿಗೂ ಮೊದಲೇ ತಿಳಿಸಿರಿ.

ತಲೆಯಲ್ಲಿ ಕೂದಲು ಕಡಿಮೆ. ಗಡ್ಡ ಆಗಬಹುದೇ?

ಖಂಡಿತ. ಮೀಸೆಯಿಂದಲೇ ದೊಡ್ಡದಾದ ಉದಾಹರಣೆ ‘ಮೊವೆಂಬರ್’: 2003ರಲ್ಲಿ ಮೆಲ್ಬರ್ನ್‌ನಲ್ಲಿ 30 ಜನರ ಮೀಸೆಯಿಂದ ಆರಂಭವಾಗಿ, ಇಂದು ಗಂಡಸರ ಆರೋಗ್ಯಕ್ಕಾಗಿ ಹಲವು ದೇಶಗಳಲ್ಲಿ ನಡೆಯುತ್ತಿದೆ. ಗಡ್ಡದ ಚಿತ್ತಾರಕ್ಕೆ ಒಂದು ಅನುಕೂಲವೂ ಇದೆ: ಮಾತನಾಡುವವರ ಕಣ್ಣು ಹೇಗೂ ಅಲ್ಲೇ ಇರುತ್ತದೆ.

ಎಲ್ಲ ಮುಗಿದ ಮೇಲೆ ಏನು ಮಾಡಬೇಕು?

ಚಿತ್ತಾರದ ಫೋಟೊವನ್ನು ಮೂರು ಕಡೆಯಿಂದ, ಹಗಲು ಬೆಳಕಿನಲ್ಲಿ, ಮೊದಲ ದಿನವೇ ತೆಗೆಸಿಟ್ಟುಕೊಂಡಿರಿ. ಚಿತ್ತಾರ ಮಸುಕಾದ ಮೇಲೆ ಸುತ್ತಲಿನ ಕೂದಲನ್ನೂ ಅಷ್ಟೇ ಗಿಡ್ಡ ಮಾಡಿಸಿದರೆ ಎಲ್ಲವೂ ಸಮನಾಗಿ ಬೆಳೆಯುತ್ತದೆ.

ಹಣ ತಲುಪಿಸಿದ ಒಂದು ವಾರದೊಳಗೆ ಕೊಟ್ಟ ಪ್ರತಿಯೊಬ್ಬರಿಗೂ ಅವರವರ ಹೆಸರು ಹಿಡಿದು ಬರೆಯಿರಿ: ಒಟ್ಟು ಎಷ್ಟು ಬಂತು, ಯಾವತ್ತು ತಲುಪಿಸಿದೆವು, ಸಂಸ್ಥೆಯ ರಸೀದಿಯ ಪ್ರತಿ, ಚಿತ್ತಾರದ ಫೋಟೊ. ಮೂರು ತಿಂಗಳ ನಂತರ ಸಂಸ್ಥೆಗೆ ಹೋಗಿ ಆ ಹಣದಿಂದ ಏನಾಯಿತೆಂದು ನೋಡಿಕೊಂಡು ಬನ್ನಿ, ಅದನ್ನೂ ಎರಡು ಸಾಲಿನಲ್ಲಿ ಅವರಿಗೆ ತಿಳಿಸಿ. ಅಷ್ಟು ಹೊತ್ತಿಗೆ ನಿಮ್ಮ ಕೂದಲು ಸುಮಾರು ಮೂರು ಸೆಂಟಿಮೀಟರ್ ಬೆಳೆದಿರುತ್ತದೆ, ಮುಂದಿನ ಚಿತ್ತಾರಕ್ಕೆ ಬೇಕಾದದ್ದಕ್ಕಿಂತ ಹೆಚ್ಚೇ.